ಜೋತುಬಿದ್ದ ಡೋರ್: ಬಾಗಿಸುವ ಮೊದಲು ಅಳೆಯಿರಿ

ಪ್ರಶ್ನೆ: ನಮ್ಮ ಮನೆಯಲ್ಲಿ 1969ರ ಎಂಜಿಬಿ ರೋಡ್‌ಸ್ಟರ್ (ಗಟ್ಟಿ ಛಾವಣಿಯಿಲ್ಲದ ಹಳೆಯ ಬ್ರಿಟಿಷ್ ಕಾರು) ಇದೆ. ಡ್ರೈವರ್ ಕಡೆಯ ಡೋರ್ ಜೋತುಬಿದ್ದಿದೆ. ಲಾಕ್ ಇರುವ ತುದಿ ಸುಮಾರು 6 ಮಿ.ಮೀ. ಇಳಿದಿದೆ, ಮುಚ್ಚಬೇಕಾದರೆ ಎತ್ತಿ ತಳ್ಳಬೇಕು. ಕೈಯಲ್ಲಿ ಎತ್ತಿದರೆ 4 ಮಿ.ಮೀ. ಮೇಲೆ ಬರುತ್ತದೆ. ಒಬ್ಬ ಟಿಂಕರ್ ಸ್ಟ್ರೈಕರ್ (ಲಾಕ್ ಹೋಗಿ ಕಚ್ಚಿಕೊಳ್ಳುವ, ಬಾಡಿಯ ಕಡೆಯ ಕೊಂಡಿ) ಇಳಿಸಿ ಕೊಟ್ಟರು. ಎರಡು ತಿಂಗಳಲ್ಲಿ ಮತ್ತೆ ಅದೇ ಕಥೆ. ಈಗ ಇನ್ನೊಬ್ಬರು ಡೋರ್ ತುದಿಗೆ ಜಾಕ್ ಕೊಟ್ಟು ಮೇಲಕ್ಕೆ ಬಾಗಿಸೋಣ ಎನ್ನುತ್ತಿದ್ದಾರೆ. ಒಪ್ಪಬಹುದೇ? — ದಾವಣಗೆರೆಯ ಓದುಗರು

ಉತ್ತರ: ಒಪ್ಪಬೇಡಿ. ಸ್ಟ್ರೈಕರ್ ಇಳಿಸಿದ್ದು ಬಾಗಿಲು ತಾಗುತ್ತದೆ ಎಂದು ಹೊಸ್ತಿಲು ಕೆತ್ತಿದ ಹಾಗಾಯಿತು. ಜಾಕ್ ಕೊಟ್ಟು ಬಾಗಿಸುವುದು ಅದಕ್ಕಿಂತ ಕೆಟ್ಟದ್ದು. ಕೈಯಲ್ಲಿ ಎತ್ತಿದಾಗ 4 ಮಿ.ಮೀ. ಬರುತ್ತದೆ ಎಂದರೆ ಎಲ್ಲೋ ಒಂದು ಕಡೆ ಆಟ, ಅಂದರೆ ಸಡಿಲ, ಇದೆ. ಜಾಕ್ ಮೊದಲು ಆ ಆಟವನ್ನು ಮುಗಿಸುತ್ತದೆ. ಅಲ್ಲಿಂದಾಚೆಗಿನ ಬಲವೆಲ್ಲ ಹಿಂಜ್ ಕೂತಿರುವ ಪಿಲ್ಲರಿನ (ಡೋರ್ ಪಕ್ಕದ ಕಂಬದ) ತಗಡಿನ ಮೇಲೆ ಬೀಳುತ್ತದೆ. ತಗಡು ಹಿಗ್ಗುತ್ತದೆ, ಸ್ಕ್ರೂ ತೂತಿನ ಅಂಚಿನಲ್ಲಿ ಸೀಳು ಬಿಡುತ್ತದೆ. ಡೋರ್ ಅಂದು ಸಂಜೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಆ ಆಟ ಹೋಗಿಲ್ಲ, ಅದರ ಜೊತೆಗೆ ಈಗ ಪಿಲ್ಲರೂ ಕೆಟ್ಟಿದೆ.

ಈ ಗಾಡಿಯಲ್ಲಿ ಡೋರ್ ಇಳಿಯುವುದಕ್ಕೆ ಕಾರಣ ನಾಲ್ಕು ಕಡೆ ಇರಬಹುದು: ಹಿಂಜ್ ಪಿನ್ನಿನಲ್ಲಿ, ಹಿಂಜ್ ಮತ್ತು ಡೋರ್ ಸೇರುವ ಜಾಗದಲ್ಲಿ, ಹಿಂಜ್ ಮತ್ತು ಪಿಲ್ಲರ್ ಸೇರುವ ಜಾಗದಲ್ಲಿ, ಇಲ್ಲವೇ ಡೋರಿಗೆ ಸಂಬಂಧವೇ ಇಲ್ಲದೆ ಬಾಡಿಯಲ್ಲಿ. ಕೊನೆಯದನ್ನು ಜನ ಮರೆಯುತ್ತಾರೆ. ಎಂಜಿಬಿಗೆ ಅಂಬಾಸಿಡರಿನ ಹಾಗೆ ಮೇಲೆ ಉಕ್ಕಿನ ಛಾವಣಿ ಇಲ್ಲ, ಹಳೆ ಜೀಪಿನ ಹಾಗೆ ಕೆಳಗೆ ಬೇರೆ ಚಾಸಿಯೂ ಇಲ್ಲ. ಮುಂದಿನ ಅರ್ಧ, ಹಿಂದಿನ ಅರ್ಧ ಎರಡನ್ನೂ ಹಿಡಿದಿರುವುದು ಬಹುಪಾಲು ಡೋರ್ ಕೆಳಗಿನ ಆ ಉದ್ದನೆಯ ಪೆಟ್ಟಿಗೆ, ಅಂದರೆ ಸಿಲ್. ನಮ್ಮ ಕಡೆ ಕೆಲವರು ಅದನ್ನೇ ರನ್ನಿಂಗ್ ಬೋರ್ಡ್ ಎನ್ನುತ್ತಾರೆ. ಕಾಲಿಡುವ ಹಲಗೆ ಎಂಬ ಅರ್ಥ ಬಂದುಬಿಡುವುದರಿಂದ ಈ ಗಾಡಿಗೆ ಆ ಹೆಸರು ಅಪಾಯಕಾರಿ. ಅದು ಗಾಡಿಯ ಬೆನ್ನುಮೂಳೆ.

ಸಂದು ಹೇಳುವ ಸಾಕ್ಷಿ

ಯಾವ ಸ್ಕ್ರೂ ಮುಟ್ಟುವುದಕ್ಕೂ ಮೊದಲು ಅರ್ಧ ಗಂಟೆ ಅಳತೆಗೆ ಕೊಡಿ. ಗಾಡಿ ಸಮತಟ್ಟಾದ ನೆಲದ ಮೇಲೆ ತನ್ನ ನಾಲ್ಕು ಚಕ್ರದ ಮೇಲೇ ನಿಂತಿರಬೇಕು. ಲಿಫ್ಟ್ ಮೇಲಲ್ಲ, ಒಂದು ಮೂಲೆ ಜಾಕ್ ಮೇಲಂತೂ ಅಲ್ಲವೇ ಅಲ್ಲ. ನಾಲ್ಕೂ ಟೈರಿನ ಗಾಳಿ ಸರಿಯಿರಲಿ. ಸ್ಟ್ರೈಕರನ್ನು ಪೂರ್ತಿ ಬಿಚ್ಚಿಟ್ಟುಬಿಡಿ. ಅದು ಇದ್ದರೆ ಲಾಕ್ ಅದರ ಮೇಲೆ ಹತ್ತಿ ಡೋರನ್ನು ಎತ್ತಿಹಿಡಿಯುತ್ತದೆ, ನಿಜವಾದ ಇಳಿತ ತಿಳಿಯುವುದಿಲ್ಲ. ಬೀಡಿಂಗ್ ರಬ್ಬರ್ ಹೊಸದಾಗಿ ಹಾಕಿಸಿದ್ದರೆ ಅದನ್ನೂ ಕೀಳಿ. ಮಾರುಕಟ್ಟೆಯಲ್ಲಿ ಸಿಗುವ ದಪ್ಪ ರಬ್ಬರು ಡೋರನ್ನು ಹೊರಕ್ಕೆ ತಳ್ಳಿ ಲೆಕ್ಕ ತಪ್ಪಿಸುತ್ತದೆ.

ಈಗ ಡೋರನ್ನು ನಿಧಾನವಾಗಿ ಮುಚ್ಚಿ, ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆಯೇ ಅಳತೆ ಬರೆಯಿರಿ. ಮುಂದಿನ ಮಡ್ಗಾರ್ಡ್ ಕಡೆಯ ಮುಂದಿನ ಸಂದು ಮೇಲೆ ಮತ್ತು ಕೆಳಗೆ, ಹಿಂದಿನ ಮಡ್ಗಾರ್ಡ್ ಕಡೆಯ ಹಿಂದಿನ ಸಂದು ಮೇಲೆ ಮತ್ತು ಕೆಳಗೆ, ಸಿಲ್ ಮೇಲಿನ ಸಂದು ಮುಂದೆ ಮತ್ತು ಹಿಂದೆ. ಫೀಲರ್ ಗೇಜ್ ಇಲ್ಲದಿದ್ದರೆ ಡ್ರಿಲ್ ಬಿಟ್ಟುಗಳ ಹಿಂಭಾಗ ಸಾಕು. 3, 4, 5, 6 ಮಿ.ಮೀ. ಬಿಟ್ಟುಗಳಲ್ಲಿ ಯಾವುದು ಸಡಿಲವಿಲ್ಲದೆ ತೂರುತ್ತದೋ ಅದೇ ಅಳತೆ. ಎಡಗಡೆಯ ಡೋರನ್ನೂ ಹಾಗೇ ಅಳೆಯಿರಿ, ಹೋಲಿಕೆಗೆ ಬೇಕಾಗುತ್ತದೆ.

ಈ ಆರು ಅಂಕಿಯಲ್ಲಿ ಉತ್ತರ ಇದೆ. ಡೋರ್ ತನ್ನ ಹಿಂಜ್ ಮೇಲೆ ಇಳಿದರೆ ಅದು ತಿರುಗುತ್ತದೆ. ಹಿಂದಿನ ತುದಿ ಕೆಳಗೆ ಹೋಗುವಾಗ ಡೋರಿನ ಮೇಲಂಚು ಹಿಂದಕ್ಕೂ ಕೆಳಂಚು ಮುಂದಕ್ಕೂ ಸರಿಯುತ್ತವೆ. ಹಾಗಾಗಿ ಹಿಂದಿನ ಸಂದು ಮೇಲೆ ಕಿರಿದು, ಕೆಳಗೆ ಅಗಲ. ಮುಂದಿನ ಸಂದು ಅದಕ್ಕೆ ತದ್ವಿರುದ್ಧ, ಮೇಲೆ ಅಗಲ, ಕೆಳಗೆ ಕಿರಿದು. ಡೋರ್ ತೆಗೆಯುವಾಗ ಮುಂದಿನ ಕೆಳಮೂಲೆ ಮಡ್ಗಾರ್ಡಿಗೆ ಉಜ್ಜಿ ಬಣ್ಣ ಎದ್ದಿದ್ದರೆ ಅದೂ ಇದೇ ರೋಗದ ಗುರುತು.

ಸಿಲ್ ಸೋತು ಬಾಡಿಯ ನಡು ಕುಸಿದಿದ್ದರೆ ಚಿತ್ರ ಬೇರೆ. ಮುಂದಿನ ಪಿಲ್ಲರ್ ಮತ್ತು ಹಿಂದಿನ ಪಿಲ್ಲರ್ ಎರಡೂ ಮೇಲುಗಡೆ ಒಂದಕ್ಕೊಂದು ವಾಲುತ್ತವೆ. ಡೋರ್ ಮುಂದಿನ ಪಿಲ್ಲರಿಗೆ ಕಟ್ಟಿಕೊಂಡಿರುವುದರಿಂದ ಅದರ ಜೊತೆಗೇ ವಾಲುತ್ತದೆ, ಆದ್ದರಿಂದ ಮುಂದಿನ ಸಂದು ಮೇಲಿಂದ ಕೆಳತನಕ ಸಮವಾಗಿಯೇ ಇರುತ್ತದೆ. ಹಿಂದಿನ ಸಂದು ಮಾತ್ರ ಮೇಲೆ ಕಚ್ಚಿಕೊಂಡು ಕೆಳಗೆ ಬಾಯಿ ತೆರೆದಿರುತ್ತದೆ. ಅಂದರೆ ಹಿಂದಿನ ಸಂದು ನೋಡಿ ಏನನ್ನೂ ಹೇಳಲಾಗದು, ಎರಡು ರೋಗದಲ್ಲೂ ಅದು ಒಂದೇ ತರ ಕಾಣುತ್ತದೆ. ವ್ಯತ್ಯಾಸ ಇರುವುದು ಮುಂದಿನ ಸಂದಿನಲ್ಲಿ.

ಒಂದು ಎಚ್ಚರಿಕೆ. ಎಂಜಿಬಿಯ ಮುಂದಿನ ಮಡ್ಗಾರ್ಡ್ ಬೋಲ್ಟಿನ ಮೇಲೆ ನಿಂತಿರುವುದು, ಹಿಂದಿನದು ಬಾಡಿಗೆ ವೆಲ್ಡ್ ಆಗಿರುವುದು. ಪೇಂಟಿಂಗಿಗೋ ಆಕ್ಸಿಡೆಂಟಿನಿಂದಲೋ ಮುಂದಿನ ಮಡ್ಗಾರ್ಡ್ ಬಿಚ್ಚಿ ಕೂರಿಸಿದ್ದರೆ ಅಲ್ಲಿನ ಸಂದು ಸುಳ್ಳು ಹೇಳಬಹುದು. ಆ ಸಂಶಯವಿದ್ದರೆ ಜಾಕ್ ಪರೀಕ್ಷೆ ಮಾಡಿ. ಸಿಲ್‌ನ ನಡುಭಾಗದ ಕೆಳಗೆ ಎರಡಡಿ ಉದ್ದದ ಗಟ್ಟಿ ಮರದ ಹಲಗೆ ಇಟ್ಟು ಟ್ರಾಲಿ ಜಾಕಿನಿಂದ, ಚಕ್ರ ನೆಲ ಬಿಡದಷ್ಟು, ಮೆಲ್ಲಗೆ ಭಾರ ಎತ್ತಿಸಿ. ಹಿಂದಿನ ಮೇಲಿನ ಸಂದನ್ನು ನೋಡುತ್ತಿರಿ. ಗಟ್ಟಿ ಬಾಡಿಯಲ್ಲಿ ಅದು ಕಣ್ಣಿಗೆ ಕಾಣುವಷ್ಟು ಬದಲಾಗುವುದಿಲ್ಲ. ಎರಡು ಮೂರು ಮಿ.ಮೀ. ತೆರೆದುಕೊಂಡರೆ ಸಿಲ್ ಹೋಗಿದೆ ಎಂದೇ ಅರ್ಥ. ಎತ್ತುವಾಗ ಹಲಗೆ ತಗಡಿನೊಳಗೆ ಕುಸಿದು ಕರಕರ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ, ಉತ್ತರ ಸಿಕ್ಕಿತು.

ನಿಮ್ಮ ಗಾಡಿಯಲ್ಲಿ ಕೈಯಿಂದಲೇ 4 ಮಿ.ಮೀ. ಏಳುತ್ತಿರುವುದರಿಂದ ಹೆಚ್ಚಿನ ಪಾಲು ಹಿಂಜ್ ಕಡೆಯದ್ದೇ. ಉಳಿದ 2 ಮಿ.ಮೀ. ಅಡ್ಜಸ್ಟ್‌ಮೆಂಟೋ ಬಾಡಿಯೋ ಎಂಬುದನ್ನು ಮೇಲಿನ ಅಳತೆ ಹೇಳಬೇಕು.

ಆಟ ಎಲ್ಲಿದೆ

ಡೋರನ್ನು ಒಂದಡಿ ತೆರೆದು ಒಬ್ಬರು ಹಿಂದಿನ ತುದಿ ಹಿಡಿದು ಮೇಲೆ ಕೆಳಗೆ ಆಡಿಸಲಿ. ಇನ್ನೊಬ್ಬರು ಹೆಬ್ಬೆರಳನ್ನು ಹಿಂಜಿನ ಎರಡು ಭಾಗ ಸೇರುವಲ್ಲಿ ಅಡ್ಡಲಾಗಿ ಇಡಲಿ. ಒಂದು ಭಾಗ ನಿಂತು ಇನ್ನೊಂದು ಮಾತ್ರ ಸರಿದರೆ ಪಿನ್ ಸವೆದಿದೆ. ಹಿಂಜ್ ಇಡಿಯಾಗಿ ಅಲುಗಿ ಅದರ ಅಂಚಿನಲ್ಲಿ ಬಣ್ಣ ಬಿರಿದಿದ್ದರೆ ಸ್ಕ್ರೂ ಸಡಿಲ, ಅಥವಾ ಒಳಗಿನ ಪ್ಲೇಟಿನ ಥ್ರೆಡ್ ಹೋಗಿದೆ. ಹಿಂಜಿನ ಜೊತೆ ಸುತ್ತಲಿನ ತಗಡೂ ಉಸಿರಾಡಿದ ಹಾಗೆ ಒಳಗೆ ಹೊರಗೆ ಆದರೆ ಪಿಲ್ಲರಿನಲ್ಲಿ, ಇಲ್ಲವೇ ಡೋರಿನ ಮುಂದಿನ ಮೈಯಲ್ಲಿ ಸೀಳಿದೆ. ಹಗಲು ಬೆಳಕು ನಂಬಬೇಡಿ. ಟಾರ್ಚನ್ನು ತಗಡಿಗೆ ಸವರಿದ ಹಾಗೆ ಓರೆಯಾಗಿ ಹಿಡಿದರೆ ಕೂದಲೆಳೆಯಂಥ ಸೀಳೂ ಕಾಣುತ್ತದೆ.

ಸಾಮಾನ್ಯವಾಗಿ ಮೇಲಿನ ಹಿಂಜ್ ಹೆಚ್ಚು ಸವೆದಿರುತ್ತದೆ ಎಂದು ಜನ ಅದೊಂದನ್ನೇ ಬಿಚ್ಚುತ್ತಾರೆ. ಎರಡನ್ನೂ ಮಾಡಿಸಿ. ಲೆಕ್ಕ ಸರಳ. ಹಿಂಜ್ ಪಿನ್ನಿನಿಂದ ಡೋರಿನ ಹಿಂದಿನ ಅಂಚಿಗೆ 1000 ಮಿ.ಮೀ., ಎರಡು ಹಿಂಜ್ ನಡುವೆ 300 ಮಿ.ಮೀ. ಎಂದಿಟ್ಟುಕೊಳ್ಳಿ, ನಿಮ್ಮ ಗಾಡಿಯ ನಿಜ ಅಳತೆ ಟೇಪ್ ಹಿಡಿದು ನೋಡಿ. ಹಿಂಜಿನಲ್ಲಿ ಒಂದು ಮಿ.ಮೀ. ಆಟ ತುದಿಯಲ್ಲಿ ಸುಮಾರು 3.3 ಮಿ.ಮೀ. ಇಳಿತವಾಗುತ್ತದೆ. ನಿಮ್ಮ 4 ಮಿ.ಮೀ.ಗೆ ಎರಡೂ ಹಿಂಜ್ ಸೇರಿ 1.2 ಮಿ.ಮೀ. ಆಟ ಸಾಕು. ಪಿನ್ನೊಂದಕ್ಕೆ ಅರ್ಧ ಮಿ.ಮೀ.ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಕೈಯಲ್ಲಿ ಹಿಡಿದರೆ 'ಇಷ್ಟಕ್ಕೇನು' ಅನ್ನಿಸುವಷ್ಟು ಸವೆತ.

ಅದೇ ಲೆಕ್ಕ ಸವೆತದ ಕಾರಣವನ್ನೂ ಹೇಳುತ್ತದೆ. ಈ ಗಾಡಿಯ ಸೀಟು ನೆಲಕ್ಕೆ ತೀರಾ ಹತ್ತಿರ. ಇಳಿಯುವವರು ತೆರೆದ ಡೋರಿನ ತುದಿಯ ಮೇಲೆ ಕೈಯೂರಿ ಏಳುತ್ತಾರೆ. 40 ಕೆ.ಜಿ. ಭಾರ ತುದಿಯಲ್ಲಿ ಬಿದ್ದರೆ ಮೇಲಿನ ಹಿಂಜನ್ನು 130 ಕೆ.ಜಿ.ಗೂ ಹೆಚ್ಚು ಬಲದಿಂದ ಎಳೆದಂತೆ, ಕೆಳಗಿನದನ್ನು ಅಷ್ಟೇ ಬಲದಿಂದ ಒತ್ತಿದಂತೆ. ವಿಂಡ್‌ಸ್ಕ್ರೀನಿನ ಚೌಕಟ್ಟನ್ನೂ ಹಿಡಿಯದೆ ಸೀಟಿನ ಅಂಚಿಗೆ ಕೈಕೊಟ್ಟು ಏಳುವುದನ್ನು ಮನೆಯವರಿಗೆಲ್ಲ ಈಗಲೇ ಹೇಳಿಡಿ.

ಬಿಚ್ಚುವುದು

ಡೋರ್ ಒಳಗಿನ ಪ್ಯಾನೆಲ್ ಮತ್ತು ಚೆಕ್ ಸ್ಟ್ರಾಪ್ (ಡೋರ್ ಅತಿಯಾಗಿ ತೆರೆಯದಂತೆ ತಡೆಯುವ ಪಟ್ಟಿ) ಮೊದಲು ಬಿಚ್ಚಿ. ಡೋರ್ ಕೆಳಗೆ ಟ್ರಾಲಿ ಜಾಕ್, ಅದರ ಮೇಲೆ ಹಲಗೆ, ಹಲಗೆಯ ಮೇಲೆ ನಾಲ್ಕು ಮಡಿಕೆ ಗೋಣಿಚೀಲ. ಡೋರ್ ತೂಗಾಡದಂತೆ ಹಿಡಿಯಲು ಒಬ್ಬರು ಬೇಕೇ ಬೇಕು. ಮಡ್ಗಾರ್ಡಿನ ಹಿಂದಿನ ಅಂಚಿಗೆ ಎರಡು ಪದರ ಟೇಪ್ ಸುತ್ತಿ. ಇಲ್ಲದಿದ್ದರೆ ಪೇಂಟಿಂಗ್ ಖರ್ಚು ಬೇರೆ.

ಹಿಂಜಿನ ಸುತ್ತ ಗೀರು ಹಾಕಿ ಗುರುತು ಮಾಡುವುದು ಎಲ್ಲರಿಗೂ ಗೊತ್ತು. ಇನ್ನೂ ಒಳ್ಳೆಯದು, ಹಿಂಜಿನ ಎಲೆ (ಸ್ಕ್ರೂ ಬೀಳುವ ಚಪ್ಪಟೆ ಭಾಗ) ಮತ್ತು ಅದರ ಹಿಂದಿನ ತಗಡು ಎರಡನ್ನೂ ಒಟ್ಟಿಗೆ ಹಾದುಹೋಗುವಂತೆ 3 ಮಿ.ಮೀ.ಯ ಎರಡು ತೂತು ಕೊರೆದುಬಿಡುವುದು. ಮತ್ತೆ ಕೂರಿಸುವಾಗ ಆ ತೂತಿಗೆ ಡ್ರಿಲ್ ಬಿಟ್ಟಿನ ಹಿಂಭಾಗ ತೂರಿಸಿದರೆ ಹಿಂಜ್ ಹಳೆಯ ಜಾಗಕ್ಕೆ ಕೂದಲಷ್ಟೂ ತಪ್ಪದೆ ಬರುತ್ತದೆ. ಅಲ್ಲಿಂದ ಎಷ್ಟು ಸರಿಸಬೇಕು ಎಂಬುದು ನಿಮ್ಮ ಕೈಯಲ್ಲಿರುತ್ತದೆ.

ಇನ್ನು ಸ್ಕ್ರೂ. ತಲೆ ತಗ್ಗಿಗೆ ಕೂರುವ, ನಾಲ್ಕು ಮೂಲೆಯ ದೊಡ್ಡ ಸ್ಕ್ರೂಗಳು. ಅವುಗಳ ತಲೆಯನ್ನು ಚೆನ್ನಾಗಿ ಒರೆಸಿ ನೋಡಿ. ಕೂಡುಗೆರೆಯ ನಡುನಡುವೆ ಇನ್ನೂ ನಾಲ್ಕು ಸಣ್ಣ ಗೀರಿದ್ದರೆ ಅದು ಪೋಜಿಡ್ರೈವ್. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಫಿಲಿಪ್ಸ್ ಬಿಟ್ ಅದಕ್ಕೆ ಕೂತ ಹಾಗೆ ಕಂಡರೂ ಬಲ ಕೊಟ್ಟಾಗ ಹೊರಕ್ಕೆ ಜಾರಿ ತಲೆಯನ್ನು ಸವರಿಬಿಡುತ್ತದೆ. ಸರಿಯಾದ ಬಿಟ್ ತಂದು, ತಗ್ಗಿನಲ್ಲಿ ತುಂಬಿದ ಪೇಂಟನ್ನು ಸೂಜಿಯಿಂದ ಕೆರೆದು, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಬೆಳಗ್ಗೆ ಸುತ್ತಿಗೆಯಲ್ಲಿ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಇಟ್ಟು ಮೊದಲು ಬಿಗಿಯುವ ದಿಕ್ಕಿಗೆ ಒಂದು ಸಣ್ಣ ಹೊಡೆತ, ಆಮೇಲೆ ಬಿಚ್ಚುವ ದಿಕ್ಕಿಗೆ. ತುಕ್ಕಿನ ಹಿಡಿತ ಬಿಡುವುದು ಆ ಮೊದಲ ಹೊಡೆತಕ್ಕೇ. ಕರೆಂಟಿನ ಇಂಪ್ಯಾಕ್ಟ್ ಗನ್ ಇಲ್ಲಿಗೆ ಬೇಡ. ಸ್ಕ್ರೂ ಹೋಗಿ ಸೇರುವುದು ಒಳಗೆ ಸಡಿಲವಾಗಿ ಕೂತ ಪ್ಲೇಟಿಗೆ. ಅದರ ಗೂಡು ಹರಿದು ಪ್ಲೇಟು ತಿರುಗಲು ಶುರುವಾದರೆ ಪಿಲ್ಲರನ್ನೇ ಕತ್ತರಿಸಿ ತೆಗೆಯಬೇಕಾಗುತ್ತದೆ.

ಸ್ಕ್ರೂ ಕೆಟ್ಟರೆ ಹೊಸದಕ್ಕೆ ಅಳತೆ ಕೊಡುವಾಗ ಜೋಕೆ. ಆ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಥ್ರೆಡ್ ಇಂಚಿನ ಲೆಕ್ಕ, ಯುಎನ್ಎಫ್ ಎಂಬ ಸಣ್ಣ ಸುತ್ತಿನ ಜಾತಿ. 5/16 ಅಳತೆಯ ಯುಎನ್ಎಫ್ ಸ್ಕ್ರೂವಿನ ದಪ್ಪ 7.94 ಮಿ.ಮೀ., ಇಂಚಿಗೆ 24 ಸುತ್ತು. ಹಾರ್ಡ್‌ವೇರ್ ಅಂಗಡಿಯ ಎಂ8 ಸ್ಕ್ರೂ ದಪ್ಪದಲ್ಲಿ ಹೆಚ್ಚುಕಡಿಮೆ ಅಷ್ಟೇ, ಆದರೆ ಅದರ ಸುತ್ತು 1.25 ಮಿ.ಮೀ.ಗೆ ಒಂದು. ಎರಡು ಸುತ್ತು ಸಲೀಸಾಗಿ ಹೋಗಿ ಕಚ್ಚಿಕೊಳ್ಳುತ್ತದೆ. 'ಎಂಟು ಎಂಎಂ ಸಾರ್, ಕೂರುತ್ತೆ' ಎಂದು ಯಾರಾದರೂ ಬಲ ಹಾಕಿ ಬಿಗಿದರೆ ಒಳಗಿನ ಥ್ರೆಡ್ ಪುಡಿ. ಪಿಚ್ ಗೇಜ್ ಇಟ್ಟು ನೋಡಿ, ಸರಿಯಾದದ್ದನ್ನು ತರಿಸಿ. ಹಳೆ ಥ್ರೆಡ್ಡಿಗೆ 5/16 ಯುಎನ್ಎಫ್ ಟ್ಯಾಪ್ ಒಮ್ಮೆ ಎಣ್ಣೆ ಹಾಕಿ ಹಾಯಿಸಿದರೆ ತುಕ್ಕು, ಪೇಂಟು ಎಲ್ಲ ಹೊರಬರುತ್ತದೆ.

ಲೇತ್ ಕೆಲಸ

ಪಿನ್ ದುರಸ್ತಿಗೆ ದಾವಣಗೆರೆಯವರು ಬೆಂಗಳೂರಿಗೆ ಓಡಬೇಕಿಲ್ಲ. ಪಕ್ಕದ ಹರಿಹರ ಲೇತ್ ಮಷೀನನ್ನೇ ತಯಾರಿಸುತ್ತಿದ್ದ ಊರು, ಮೈಸೂರು ಕಿರ್ಲೋಸ್ಕರ್ ಲೇತುಗಳು ಅಲ್ಲಿಂದಲೇ ದೇಶಕ್ಕೆಲ್ಲ ಹೋಗುತ್ತಿದ್ದವು. ಆ ಸುತ್ತಿನಲ್ಲಿ ನೂರರ ಒಂದು ಭಾಗ ಮಿ.ಮೀ. ಎಂದರೆ ಏನೆಂದು ತಿಳಿದವರು ಸಿಗುತ್ತಾರೆ. ನೀವು ಹೇಳುವ ಮಾತು ಮಾತ್ರ ಸ್ಪಷ್ಟವಾಗಿರಬೇಕು. 'ಪಿನ್ ಟೈಟ್ ಮಾಡಿಕೊಡಿ' ಎಂದರೆ ಪಿನ್ನಿನ ತುದಿಗೆ ವೆಲ್ಡಿಂಗಿನ ಎರಡು ಬೊಟ್ಟು ಇಟ್ಟು ಕೊಡುತ್ತಾರೆ. ಅದು ಆಟವನ್ನು ತೆಗೆಯುವುದಿಲ್ಲ, ಕಾದ ಹಿಂಜ್ ಸೊಟ್ಟಗಾಗುವುದೂ ಉಂಟು.

ಪಿನ್ ಎರಡೂ ತುದಿಯಲ್ಲಿ ಬಡಿದು ಕೂರಿಸಿದ್ದರೆ ಒಂದು ತಲೆಯನ್ನು ಅರೆದು ಪ್ರೆಸ್ಸಿನಲ್ಲಿ ಒತ್ತಿ ತೆಗೆಯಬೇಕು. ಸುತ್ತಿಗೆಯಲ್ಲಿ ಬಡಿದರೆ ಹಿಂಜಿನ ಕಿವಿ (ಪಿನ್ ಹಾಯುವ ತೂತಿರುವ ಭಾಗ) ಬಾಗುತ್ತದೆ. ಹಳೆ ಪಿನ್ನನ್ನು ಮೈಕ್ರೋಮೀಟರಿನಲ್ಲಿ ಸವೆಯದ ಜಾಗ ನೋಡಿ ಅಳೆಯಿರಿ. ಹಿಂಜಿನ ತೂತು ದುಂಡಗೆ ಉಳಿದಿರುವುದಿಲ್ಲ, ಮೊಟ್ಟೆಯಂತಾಗಿರುತ್ತದೆ. ಇದಕ್ಕೆ ಎರಡು ದಾರಿ. ಒಂದು, ತೂತನ್ನು ರೀಮರಿನಿಂದ (ತೂತನ್ನು ನಿಖರ ಅಳತೆಗೆ ಕೆರೆಯುವ ಉಪಕರಣ) ಮುಂದಿನ ಅಳತೆಗೆ ದೊಡ್ಡದು ಮಾಡಿ ದಪ್ಪ ಪಿನ್ ಹಾಕುವುದು. ಉದಾಹರಣೆಗೆ ಮೂಲ ಪಿನ್ 8 ಇದ್ದು ತೂತು 8.4ರವರೆಗೆ ಹಿಗ್ಗಿದ್ದರೆ 9ಕ್ಕೆ ರೀಮ್. ಇನ್ನೊಂದು, ತೂತನ್ನು ಇನ್ನಷ್ಟು ದೊಡ್ಡದು ಮಾಡಿ 1 ಮಿ.ಮೀ. ದಪ್ಪದ ಗನ್‌ಮೆಟಲ್ ಅಥವಾ ಫಾಸ್ಫರ್ ಬ್ರಾಂಜ್ ಬುಷ್ (ತೂತಿನೊಳಗೆ ಕೂರುವ ಕೊಳವೆ) ಕೂರಿಸಿ ಮೂಲ ಅಳತೆಯ ಪಿನ್ ಹಾಕುವುದು. ಹಿಂಜಿನ ಕಿವಿಯಲ್ಲಿ ಲೋಹ ಸಾಕಷ್ಟಿದ್ದರೆ ಎರಡನೆಯದೇ ಮೇಲು. ಮುಂದೆ ಸವೆಯುವುದು ಬುಷ್, ಅದನ್ನು ಬದಲಾಯಿಸುವುದು ಸುಲಭ.

ಪಿನ್ನಿಗೆ ಸಿಲ್ವರ್ ಸ್ಟೀಲ್ ರಾಡ್, ಅದು ಸಿಗದಿದ್ದರೆ ಇಎನ್8 ದರ್ಜೆಯ ಉಕ್ಕು. ಮೈಲ್ಡ್ ಸ್ಟೀಲ್ ಕಂಬಿ ಬೇಡ, ಅದು ಬೇಗ ಸವೆಯುತ್ತದೆ. ತಿರುಗುವ ಭಾಗದಲ್ಲಿ ಸಡಿಲ 0.03ರಿಂದ 0.05 ಮಿ.ಮೀ. ಇರಲಿ, ನಿಲ್ಲುವ ಭಾಗದಲ್ಲಿ ಒತ್ತಿ ಕೂರಿಸುವಷ್ಟು ಬಿಗಿ. ಎರಡೂ ಭಾಗದಲ್ಲಿ ತಿರುಗುವ ಪಿನ್ ಎರಡೂ ಕಡೆ ಸವೆಯುತ್ತದೆ. ಒಂದು ಹಿಂಜಿನ ಮೇಲಿನ ಕಿವಿ, ಕೆಳಗಿನ ಕಿವಿ ಎರಡನ್ನೂ ಒಂದೇ ಸಲ ಕಟ್ಟಿ, ರೀಮರನ್ನು ನೇರ ಹಾಯಿಸಬೇಕು. ಬೇರೆ ಬೇರೆ ಕೊರೆದರೆ ಪಿನ್ ಓರೆಯಾಗಿ ಕಚ್ಚುತ್ತದೆ. ಪಿನ್ನಿನ ಮೈಗೆ ಎಣ್ಣೆ ಇಳಿಯಲು ಒಂದು ಸಣ್ಣ ತೋಡುಗೆರೆ ಹಾಕಿಸಿ.

ಲೇತಿನಿಂದ ಬಂದ ಎರಡೂ ಹಿಂಜ್ ಕೈಯಲ್ಲಿ ಹಿಡಿದರೆ ನುಣ್ಣಗೆ ತಿರುಗುತ್ತವೆ. ಗಾಡಿಗೆ ಕೂರಿಸಿದ ಮೇಲೂ ಎರಡೂ ಪಿನ್ ಒಂದೇ ಗೆರೆಯಲ್ಲಿರಬೇಕು. ಪಿಲ್ಲರಿಗೆ ಹಿಂಜ್ ಕಟ್ಟಿ, ಪಕ್ಕದಲ್ಲಿ ನೇರವಾದ ಉದ್ದನೆಯ ಅಳತೆಪಟ್ಟಿ ಇಟ್ಟು ಮುಂದಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಿ. ಒಂದರ ಪಿನ್ ವಾಲಿದ್ದರೆ ಡೋರ್ ಅರ್ಧ ತೆರೆದಾಗ ಬಿಗಿಯಾಗುತ್ತದೆ, ಬಿಟ್ಟರೆ ತಾನಾಗಿ ಚಿಮ್ಮುತ್ತದೆ. ಹಾಗೆ ಓಡಿಸಿದರೆ ಹೊಸ ಬುಷ್ಷಿನ ಆಯಸ್ಸು ಅಷ್ಟೇ.

ಪಿಲ್ಲರಿನಲ್ಲಿ ಸೀಳಿದ್ದರೆ

ಹಿಂಜ್ ಹೊರಗಿರುವಾಗಲೇ ಸ್ಕ್ರೂ ತೂತಿನ ಸುತ್ತಲಿನ ಪೇಂಟ್ ಕೆರೆದು ನೋಡಿ. ಸೀಳಿದ್ದರೆ ಅದರ ತುದಿಗೆ 3 ಮಿ.ಮೀ. ತೂತು ಕೊರೆಯಿರಿ, ಇಲ್ಲದಿದ್ದರೆ ವೆಲ್ಡ್ ಪಕ್ಕದಿಂದಲೇ ಮತ್ತೆ ಓಡುತ್ತದೆ. ಸೀಳನ್ನು ತೋಡಿ, 0.8 ಮಿ.ಮೀ. ವೈರಿನ ಮಿಗ್ ವೆಲ್ಡಿಂಗಿನಲ್ಲಿ ಬಿಟ್ಟು ಬಿಟ್ಟು ಹಾಕಿಸಿ. ಸ್ಕ್ರೂ ತೂತಿನಿಂದ ತೂತಿಗೆ ಸೀಳು ಹರಿದಿದ್ದರೆ ಬರೀ ವೆಲ್ಡ್ ಸಾಲದು, 2 ಮಿ.ಮೀ. ಪಟ್ಟಿಯೊಂದನ್ನು ಒತ್ತಾಸೆಗೆ ಕೊಡಬೇಕು. ಗ್ಯಾಸ್ ವೆಲ್ಡಿಂಗ್ ಇಲ್ಲಿ ಬೇಡ. ಶಾಖ ಹರಡಿ ಪಿಲ್ಲರ್ ಮೈ ಏರುಪೇರಾದರೆ ಹಿಂಜ್ ಮತ್ತೆ ನೇರ ಕೂರುವುದಿಲ್ಲ.

ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ಬಿಚ್ಚಿ. 1969ರ ಗಾಡಿಯಲ್ಲಿ ಸೀಟಿನ ಹಿಂದಿನ ನೆಲದ ಕೆಳಗೆ ಎರಡು 6 ವೋಲ್ಟ್ ಬ್ಯಾಟರಿ ಇರಬೇಕು, ಯಾರಾದರೂ ಒಂದೇ 12 ವೋಲ್ಟಿಗೆ ಬದಲಿಸಿಲ್ಲದಿದ್ದರೆ. ಆಲ್ಟರ್ನೇಟರಿನ ಕನೆಕ್ಟರನ್ನೂ ಕೀಳಿ. ಪಕ್ಕದ ಕಾರ್ಪೆಟ್, ಹಳೆಯ ನಾರು ಪ್ಯಾಡಿಂಗ್ ತೆಗೆದು ಒಂದು ಬಕೆಟ್ ನೀರು ಹತ್ತಿರ ಇರಲಿ.

ಡೋರಿನಲ್ಲೂ ಒಂದು ಹೆಸರಾಂತ ಸೀಳಿದೆ. ಮುಂದಿನ ಚಿಕ್ಕ ತ್ರಿಕೋನ ಗಾಜಿನ ಚೌಕಟ್ಟು ಮುಗಿಯುವಲ್ಲಿ, ಡೋರಿನ ಹೊರ ತಗಡು ಮೇಲಿಂದ ಕೆಳಕ್ಕೆ ಬಿರಿಯುವುದು. ಎಂಜಿಬಿ ಇಟ್ಟವರೆಲ್ಲ ಇದನ್ನು ಕಂಡಿರುತ್ತಾರೆ. ಅದು ಇಳಿತದ ಕಾರಣವಲ್ಲ, ಚೌಕಟ್ಟನ್ನು ಹಿಡಿದು ಡೋರ್ ಎಳೆಯುವುದರ ಫಲ. ಅದನ್ನು ಪುಟ್ಟಿ ತುಂಬಿ ಮುಚ್ಚಿದರೆ ಆರು ತಿಂಗಳಲ್ಲಿ ಗೆರೆ ಮತ್ತೆ ಮೇಲೆ ಬರುತ್ತದೆ.

ಕೂರಿಸುವ ಲೆಕ್ಕ

ಹಿಂಜಿನ ಎಲೆ ಯಾವ ಮೈಗೆ ಕೂತಿದೆಯೋ ಆ ಮೈಯ ಮೇಲೆ ಮಾತ್ರ ಅದು ಜಾರಬಲ್ಲದು. ಡೋರಿನ ಮುಂದಿನ ಅಂಚಿಗೆ ಕೂತ ಎಲೆ ಮೇಲೆ ಕೆಳಗೆ ಮತ್ತು ಒಳಗೆ ಹೊರಗೆ ಹೋಗುತ್ತದೆ. ಮುಂದೆ ಹಿಂದೆ ಹೋಗಬೇಕೆಂದರೆ ಹಿಂದೆ ಪ್ಯಾಕಿಂಗ್ ಶಿಮ್ (ಸಂದಿಗೆ ಕೊಡುವ ತೆಳು ತಗಡು) ಕೊಡಬೇಕು ಅಥವಾ ಇದ್ದ ಶಿಮ್ ತೆಗೆಯಬೇಕು. ಪಿಲ್ಲರಿನ ಹೊರಮೈಗೆ ಕೂತದ್ದಾದರೆ ಮುಂದೆ ಹಿಂದೆ ಜಾರುತ್ತದೆ, ಶಿಮ್ ಬೇಕಾಗುವುದು ಒಳಗೆ ಹೊರಗಿಗೆ. ಇದನ್ನು ನೋಡಿಕೊಳ್ಳದೆ ಎಲ್ಲ ಸ್ಕ್ರೂ ಒಟ್ಟಿಗೆ ಸಡಿಲ ಮಾಡಿದರೆ ಇಡೀ ದಿನ ಕಳೆದರೂ ಡೋರ್ ಸಿಕ್ಕುವುದಿಲ್ಲ.

ಪಿನ್ ಸರಿಯಾದ ಮೇಲೆ ನಿಮ್ಮದು 2 ಮಿ.ಮೀ. ಇಳಿತ ಉಳಿದಿರುತ್ತದೆ. ಮೊದಲಿನ ಲೆಕ್ಕವನ್ನೇ ತಿರುಗಿಸಿ: 2 ಗುಣಿಸು 300 ಭಾಗಿಸು 1000, ಅಂದರೆ 0.6 ಮಿ.ಮೀ. ಕೆಳಗಿನ ಹಿಂಜಿನ ಹಿಂದೆ 0.6 ಮಿ.ಮೀ. ಶಿಮ್ ಕೊಟ್ಟರೆ ಡೋರಿನ ಕೆಳಭಾಗ ಹಿಂದಕ್ಕೆ ಸರಿದು ತುದಿ ಏಳುತ್ತದೆ. ಮೇಲಿನ ಹಿಂಜಿನಲ್ಲಿ ಈಗಾಗಲೇ ಶಿಮ್ ಇದ್ದರೆ ಅಲ್ಲಿಂದ ಅಷ್ಟನ್ನೇ ತೆಗೆದರೂ ಆಯಿತು. ಯಾವುದು ಎಂದು ತೀರ್ಮಾನಿಸಲು ಹಿಂದಿನ ಸಂದು ನೋಡಿ: ಒಟ್ಟಾರೆ ಅಗಲವಾಗಿದ್ದರೆ ಕೆಳಗೆ ಕೊಡಿ, ಬಿಗಿಯಾಗಿದ್ದರೆ ಮೇಲಿಂದ ತೆಗೆಯಿರಿ.

ಶಿಮ್ಮನ್ನು ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ತಗಡಿನಲ್ಲಿ, ಎಲೆಯ ಪೂರ್ತಿ ಅಗಲಕ್ಕೆ, ಸ್ಕ್ರೂ ತೂತಿಗೆ ಬಾಯಿ ಬಿಟ್ಟು ಕತ್ತರಿಸಿ. ಬಿಡಿ ವಾಷರ್ ಹಾಕಿದರೆ ಎಲೆ ವಾಷರಿನ ಮೇಲೆ ಮಾತ್ರ ನಿಂತು ನಡುವೆ ಬಾಗುತ್ತದೆ. ರಬ್ಬರ್ ಟ್ಯೂಬಿನ ತುಂಡು, ರಟ್ಟು ಇವೆಲ್ಲ ಒತ್ತಿಕೊಂಡು ತೆಳುವಾಗುತ್ತವೆ. ವಾರ ಕಳೆದರೆ ಮತ್ತೆ ಇಳಿತ.

ಡೋರನ್ನು ಮೊದಲು ಹಿಂದಿನ ಮಡ್ಗಾರ್ಡಿಗೆ ಹೊಂದಿಸಿ, ಅದು ಕದಲುವುದಿಲ್ಲ. ಸಂದು 4ರಿಂದ 5 ಮಿ.ಮೀ. ಸಮವಾಗಿ ಬರಲಿ, ಮೈಮೇಲಿನ ಗೆರೆ ಕೂಡಲಿ. ಆಮೇಲೆ ಸಿಲ್ ಸಂದು. ಬೋಲ್ಟಿನ ಮೇಲೆ ನಿಂತಿರುವ ಮುಂದಿನ ಮಡ್ಗಾರ್ಡನ್ನು ಕೊನೆಗೆ ಡೋರಿಗೆ ಹೊಂದಿಸಿ. ಈ ಕ್ರಮ ತಿರುವುಮುರುವಾದರೆ ಹಿಂದುಗಡೆ ಸರಿಪಡಿಸಲು ಜಾಗವೇ ಉಳಿಯುವುದಿಲ್ಲ. ಸ್ಕ್ರೂಗಳಿಗೆ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ ಸುಮಾರು 20 ನ್ಯೂಟನ್ ಮೀಟರ್ ಬಿಗಿಯಿರಿ. ಸ್ಟ್ರೈಕರ್ ಎಲ್ಲಕ್ಕಿಂತ ಕೊನೆಗೆ. ಅದರ ಕೆಲಸ ಮುಚ್ಚಿದ ಡೋರನ್ನು ಹಿಡಿಯುವುದು, ಎತ್ತುವುದಲ್ಲ. ನಿಧಾನ ಮುಚ್ಚಿದಾಗ ಡೋರ್ ಕೂದಲಷ್ಟೂ ಏಳದೆ, ಇಳಿಯದೆ ಲಾಕಾಗಬೇಕು.

ಸಿಲ್ ಹೋಗಿದ್ದರೆ

ಜಾಕ್ ಪರೀಕ್ಷೆಯಲ್ಲಿ ಸಂದು ತೆರೆದುಕೊಂಡಿದ್ದರೆ ಮೇಲಿನ ಶಿಮ್ ಲೆಕ್ಕವನ್ನೆಲ್ಲ ಪಕ್ಕಕ್ಕಿಡಿ, ಮೊದಲು ಸಿಲ್. ದಾವಣಗೆರೆಯ ಒಣ ಹವೆಯಲ್ಲಿ ತುಕ್ಕೆಲ್ಲಿಂದ ಎಂದು ಕೇಳಬೇಡಿ. ಮುಂಬೈಯಲ್ಲೋ ಮಂಗಳೂರಿನಲ್ಲೋ ಹತ್ತು ವರ್ಷ ಇದ್ದು ಬಂದಿದ್ದರೆ ಸಾಕು. ಇಲ್ಲಿಗೆ ಬಂದ ಮೇಲೂ ಎರೆಮಣ್ಣಿನ ಧೂಳು ಸಿಲ್ ಒಳಗೆ ತುಂಬುತ್ತದೆ, ವಾಟರ್ ಸರ್ವೀಸಿನಲ್ಲಿ ಜೋರಾಗಿ ಹೊಡೆದ ನೀರು ಅದಕ್ಕೆ ಸೇರುತ್ತದೆ, ನೀರಿಳಿಯುವ ತೂತು ಕಟ್ಟಿದ್ದರೆ ಒಳಗೆ ತಿಂಗಳಾನುಗಟ್ಟಲೆ ಕೆಸರು. ಎರೆಮಣ್ಣು ನೀರನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂದು ಹತ್ತಿ, ಜೋಳ ಬೆಳೆದವರಿಗೆ ಹೇಳಬೇಕಿಲ್ಲ.

ಹೊರಗೆ ಕಾಣುವ ಪಟ್ಟಿ ಸಿಲ್‌ನ ಒಂದು ಪಾಲು ಮಾತ್ರ. ಹೊರ ತಗಡು, ಒಳ ತಗಡು, ನಡುವೆ ನಿಂತ ಅಡ್ಡ ತಗಡು, ಕೆಳಗೆ ಕೋಟೆಯ ತೆನೆಯಂತೆ ಮಡಿಸಿದ ಇನ್ನೊಂದು ಪಟ್ಟಿ, ಇಷ್ಟೂ ಸೇರಿ ಬಲ. ಅವು ಮುಂದಿನ ಮತ್ತು ಹಿಂದಿನ ಮಡ್ಗಾರ್ಡಿನ ಒಳಕ್ಕೂ ಸಾಗುತ್ತವೆ. ಆಯಸ್ಕಾಂತ ಹಿಡಿದು ಸವರಿ ನೋಡಿ. ಹಿಡಿಯದ ಕಡೆ ಪುಟ್ಟಿ ಇದೆ. ಹಳೆಯದರ ಮೇಲೆ ಹೊಸ ತಗಡು ಹೊದಿಸಿ ಬಣ್ಣ ಹೊಡೆದಿದ್ದರೆ ಅದು ಬರೀ ಹೊದಿಕೆ, ಭಾರ ಹೊರುವುದಿಲ್ಲ.

ಕತ್ತರಿಸುವ ಮುಂಚೆ 25 ಮಿ.ಮೀ. ಚೌಕದ, 2 ಮಿ.ಮೀ. ದಪ್ಪದ ಟ್ಯೂಬನ್ನು ಡೋರ್ ಬಾಯಿಗೆ ಅಡ್ಡಲಾಗಿ, ಮುಂದಿನ ಪಿಲ್ಲರಿನಿಂದ ಹಿಂದಿನದಕ್ಕೆ, ಒಂದು ನೇರ ಒಂದು ಓರೆ ಕಟ್ಟಿಸಿ. ಅದಕ್ಕೂ ಮುಂಚೆ ಬಾಡಿಯನ್ನು ಎತ್ತಿ, ಪಿನ್ ಸರಿಮಾಡಿದ ಡೋರನ್ನು ತೂಗುಹಾಕಿ, ಸಂದು ಸರಿಬಂದ ಸ್ಥಿತಿಯಲ್ಲಿ ನಿಲ್ಲಿಸಿರಬೇಕು. ಕುಸಿದ ಸ್ಥಿತಿಯಲ್ಲೇ ಟ್ಯೂಬ್ ಕಟ್ಟಿ ಹೊಸ ಸಿಲ್ ಹಾಕಿದರೆ ಕುಸಿತ ಶಾಶ್ವತ, ಇದು ಈ ಕೆಲಸದಲ್ಲಿ ಅತಿ ಹೆಚ್ಚು ನಡೆಯುವ ತಪ್ಪು. ಒಂದು ಕಡೆ ಪೂರ್ತಿ ಮುಗಿಯುವವರೆಗೆ ಇನ್ನೊಂದು ಕಡೆ ಕತ್ತರಿ ಹಾಕಬಾರದು. 18 ಗೇಜಿನ ಸಿಆರ್‌ಸಿಎ (ಜಿಂಕ್ ಹಚ್ಚದ ನಯವಾದ ಉಕ್ಕಿನ) ತಗಡು ಬಳಸಿ. ಜಿಂಕ್ ಹಚ್ಚಿದ ಜಿಐ ಶೀಟಿನ ವೆಲ್ಡಿಂಗ್ ಹೊಗೆ ಕೆಲಸದವರಿಗೆ ಜ್ವರ ತರಿಸುತ್ತದೆ, ವೆಲ್ಡೂ ಗುಳ್ಳೆ ಬರುತ್ತದೆ. ಅಂಚುಗಳಲ್ಲಿ 25ರಿಂದ 30 ಮಿ.ಮೀ.ಗೆ ಒಂದರಂತೆ ತೂತು ತುಂಬುವ ವೆಲ್ಡ್. ಮುಗಿದ ಮೇಲೆ ಒಳಗೆ ತುಕ್ಕು ತಡೆಯುವ ಮೇಣ, ಅಂದರೆ ಕ್ಯಾವಿಟಿ ವ್ಯಾಕ್ಸ್, ಮತ್ತು ನೀರಿಳಿಯುವ ತೂತುಗಳು ತೆರೆದಿವೆಯೇ ಎಂದು ತಂತಿ ಹಾಕಿ ನೋಡುವುದು. ಈ ಕೆಲಸ ಎರಡು ದಿನದಲ್ಲಿ ಮಾಡಿಕೊಡುತ್ತೇನೆ ಎನ್ನುವವರಿಗೆ ಗಾಡಿ ಕೊಡಬೇಡಿ.

ಎಲ್ಲ ಮುಗಿದ ಮೇಲೆ ಚೆಕ್ ಸ್ಟ್ರಾಪನ್ನು ಮರೆಯದೆ ಹಾಕಿಸಿ. ಎಷ್ಟೋ ಗಾಡಿಗಳಲ್ಲಿ ಅದು ತುಂಡಾದ ಮೇಲೆ ಯಾರೂ ಕೇಳುವುದೇ ಇಲ್ಲ. ಚಿತ್ರದುರ್ಗದ ಕಡೆ ಗಾಳಿಗಿರಣಿ ತಿರುಗುವ ಗುಡ್ಡಗಳ ಪಕ್ಕ ಗಾಡಿ ನಿಲ್ಲಿಸಿ ಡೋರ್ ತೆಗೆದರೆ ಗಾಳಿ ಅದನ್ನು ಮುಂದಕ್ಕೆ ಬೀಸಿ ಹೊಡೆಯುತ್ತದೆ. ಸ್ಟ್ರಾಪ್ ಇಲ್ಲದಿದ್ದರೆ ಆ ಒಂದೇ ಹೊಡೆತ ಪಿಲ್ಲರ್ ಹಿಗ್ಗಿಸಲು ಸಾಕು. ಹಿಂಜಿಗೆ ಗ್ರೀಸ್ ಹಚ್ಚಬೇಡಿ, ಧೂಳು ಹಿಡಿದು ಅರೆಯುವ ಪೇಸ್ಟಾಗುತ್ತದೆ. ಮೂರು ತಿಂಗಳಿಗೊಮ್ಮೆ 20ಡಬ್ಲ್ಯು-50 ಎಂಜಿನ್ ಆಯಿಲ್ ಎರಡು ಹನಿ ಬಿಟ್ಟು ಹೊರಗೆ ಸುರಿದದ್ದನ್ನು ಒರೆಸಿ. ಐನೂರು ಕಿ.ಮೀ. ಓಡಿದ ಮೇಲೆ ಅದೇ ಆರು ಸಂದನ್ನು ಮತ್ತೆ ಅಳೆದು, ಟೇಪಿನ ಮೇಲೆ ಬರೆದಿಟ್ಟ ಹಳೆ ಅಂಕಿಯ ಪಕ್ಕ ಬರೆಯಿರಿ. ಎರಡೂ ಒಂದೇ ಆಗಿದ್ದರೆ ಒಳಗಿನ ಪ್ಯಾನೆಲ್ ಹಾಕಿಸಿಕೊಳ್ಳಬಹುದು.